ಮಗನ ಗೇಣು

ಟ್ರಾಮ್ ತಿರುವಿನಲ್ಲಿ ಕಿರ್ರೆಂದಿತು, ಎಂಟು ಗಂಟೆಯಾದರೂ ಈ ಡಚ್ ಊರು ಡೀಮೆನ್‌ನ ಏಪ್ರಿಲ್ ಬೆಳಕು ಹೋಗುವುದಿಲ್ಲ, ಗೋಳಿಬಜೆ ಆರಿದೆ, ಯಾರೂ ಮುಟ್ಟಿಲ್ಲ, ಮಗ ಸೃಜನ್ ಟೀಪಾಯಿಯ ಮೇಲಿನ ಫೋನನ್ನು ನೋಡುತ್ತಾನೆ, ನಾನು ಅವನನ್ನು ನೋಡುತ್ತೇನೆ, ಟಿವಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಲೀಗ್‌ನವರ ಗದ್ದಲ — ಮೂವತ್ತೆರಡು ತಂಡ, ಏಳು ಸುತ್ತು, ಕಳೆದ ವರ್ಷ ಹೆಚ್ಚು ಸೋತವರಿಗೆ ಮೊದಲ ಸರದಿ, ಕಾಲೇಜು ಹುಡುಗರನ್ನು ಒಬ್ಬೊಬ್ಬರನ್ನಾಗಿ ಆರಿಸುತ್ತಾರೆ, ಆರಿಸಿದವನಿಗೆ ಮೊದಲೇ ಫೋನ್ ಮಾಡುತ್ತಾರೆ, ಎಂತ ಪ್ರೇಮಾ, ಇದು ಹೆಣ್ಣು ನೋಡುವ ಶಾಸ್ತ್ರವಾ ಅಂತ ನನ್ನ ಗಂಡ ನಕ್ಕಿದ್ದರು, ಈಗ ಬಾಲ್ಕನಿಯಲ್ಲಿ ಬೆನ್ನು ಹಾಕಿ ನಿಂತಿದ್ದಾರೆ, ಹೌದು, ಹಾಗೆಯೇ, ಆಡಲೆಂದೇ ಹದಿನೆಂಟಕ್ಕೆ ಅಮೆರಿಕದ ಕಾಲೇಜಿಗೆ ಹೋದವನನ್ನು ಫೆಬ್ರವರಿಯಲ್ಲಿ ಚಡ್ಡಿಯಲ್ಲಿ ನಿಲ್ಲಿಸಿ ಎತ್ತರ ಅಳೆದರಂತೆ, ತೂಗಿದರಂತೆ, ಓಡಿಸಿದರಂತೆ, ಕೊನೆಗೆ ಅಳತೆಪಟ್ಟಿಯ ಮೇಲೆ ಕೈ ಅಗಲಿಸಿ ಇಡು ಎಂದರಂತೆ, ಹೆಬ್ಬೆರಳಿನಿಂದ ಕಿರುಬೆರಳಿಗೆ, ಗೇಣು, ಎಂಟೂಕಾಲು ಇಂಚು, ಚೆಂಡು ಹಿಡಿಯುವವನಿಗೆ ಸಾಲದು, ಇಟ್ಸ್ ಜಸ್ಟ್ ಎ ನಂಬರ್ ಅಮ್ಮ ಎಂದ — ಎತ್ತರ ಅಪ್ಪನದು, ಭುಜ ಅಜ್ಜನದು, ಕೈ ಮಾತ್ರ ನನ್ನದು, ಉಡುಪಿಯಲ್ಲಿ ನನ್ನನ್ನು ನೋಡಲು ಬಂದ ಅತ್ತೆ ಇದೇ ಕೈ ಹಿಡಿದು ಎಷ್ಟು ಚಂದದ ಸಣ್ಣ ಕೈ ಮಾರಾಯ್ತಿ, ಮಕ್ಕಳ ಬಳೆಯೂ ಆದೀತು ಇವಳಿಗೆ ಅಂದಿದ್ದರು, ನಾನು ಹಿಗ್ಗಿದ್ದೆ, ಹೆಡ್ಡಿ — ಐದನೇ ಸುತ್ತು, ಈಗ ಆ ತಂಡದ ಸರದಿ, ಇವನನ್ನು ಎರಡು ಸಲ ಕರೆಸಿ ಮಾತಾಡಿದವರು, ಐದರವರೆಗೆ ಉಳಿದಿದ್ದರೆ ನಿನ್ನನ್ನೇ ಎಂದವರು, ಫೋನ್ ಅದುರಿತು, ನಾವಿಬ್ಬರೂ ಎದ್ದೆವು, ಬಾಲ್ಕನಿಯಲ್ಲಿ ಇವರು ತಿರುಗಿದರು, ಮಂಗಳೂರಿನಿಂದ ನನ್ನ ತಂಗಿ ಸಂಪ್ರೀತಾ, ಎಂತ ಆಯ್ತಾ ಮಗಾ, ನಾವು ಯಾರೂ ಮಲಗ್ಲಿಲ್ಲ, ಫೋನ್ ಇಡಿ ಚಿಕ್ಕಮ್ಮ, ಆಮೇಲೆ ಮಾಡ್ತೇನೆ ಎಂದ ಸೃಜನ್, ಮೆಲ್ಲಗೆ, ಕೋಪವಿಲ್ಲದೆ, ಅಷ್ಟರಲ್ಲಿ ಪರದೆಯ ಮೇಲೆ ಹೆಸರು ಬಂತು, ಬೇರೆ ಹೆಸರು, ಇವನ ಕಾಲೇಜಿನವನೇ, ಇವನಿಗಿಂತ ನಿಧಾನ ಓಡುವವನು, ಕೆಳಗೆ ಅಂಕಿಗಳು, ಕೈ ಹತ್ತು ಇಂಚು, ನನಗೆ ಅಳು ಬರುವುದಿಲ್ಲ, ಏನೂ ಬರುವುದಿಲ್ಲ, ಇನ್ನು ಎರಡು ಸುತ್ತು ಉಂಟಲ್ಲ ಎಂದು ಇವರು ಒಳಗೆ ಬಂದು ಹೇಳಿದರು, ಯಾರಿಗೆ ಹೇಳಿದರೋ, ಚಾ ಮಾಡ್ಲಾ ಅಮ್ಮ ಎಂದು ಮಗ ಕೇಳಿದ, ನನ್ನನ್ನು ಸಮಾಧಾನ ಮಾಡಲಿಕ್ಕೆ, ನಾನು ಕೈಗಳನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡೆ, ಅವನಿಗೆ ಕಾಣಬಾರದು, ಕಣ್ಣು ಮುಚ್ಚಿದರೆ ಅಳತೆಪಟ್ಟಿಯ ಮೇಲೆ ಕೈ, ಬೆರಳು ಬಿಳಿಚುವಷ್ಟು ಅಗಲಿಸಿ, ಯಾರೋ ಬಗ್ಗಿ ಅಂಕಿ ಓದುತ್ತಾನೆ, ಇನ್ನೊಂಚೂರು ಅಗಲಿಸು ಮಗಾ, ಇನ್ನೊಂಚೂರು, ಪಟ್ಟಿಯ ಮೇಲೆ ಕೈ, ನನ್ನ ಕೈ