ಬಾಡಿಗೆಯ ಲಕೋಟೆ

"ಕತ್ತಲಲ್ಲಿ ಕೈಗೆ ಸಿಕ್ಕಿದ್ದು ತಗೊಂಡು ಹೋದೆ, ತಿನಿ. ಎಲ್ಲಾ ಬಿಳಿ ಲಕೋಟೇನೇ ಅಲ್ವಾ," ಎಂದು ಕಾರ್ಮಾನ್ ಮೂರನೇ ಸಲ ಹೇಳಿದ.

ತಗಡಿನ ಡಬ್ಬಿ ಅವನ ಹೆಂಡತಿ ವಾರ್ತಿನಿಯ ಮಡಿಲಲ್ಲಿ ತೆರೆದೇ ಇತ್ತು. ಅಕ್ಕಿ, ಕರೆಂಟು, ಮಗಳ ಶಾಲೆ, ಮದುವೆ ಮುಯ್ಯಿ. ಐದರಲ್ಲಿ ನಾಲ್ಕೇ ಲಕೋಟೆ, ಬಾಡಿಗೆಯದಿಲ್ಲ. ಸಿಗಡಿ ಕಾರ್ಖಾನೆಯಲ್ಲಿ ದಿನವಿಡೀ ಐಸಿನ ನೀರಿನಲ್ಲಿ ಕೈಯಿಟ್ಟು ಸಿಪ್ಪೆ ಸುಲಿಯುವವಳು ಅವಳು. ಸಂಬಳ ಬಂದ ದಿನವೇ ದುಡ್ಡು ಹಂಚಿ, ಮೇಲೆ ಹೆಸರು ಬರೆದಿಡುತ್ತಿದ್ದಳು. ಏಳು ತಿಂಗಳಿಂದ ಒಂದು ಲಕೋಟೆಯೂ ಇನ್ನೊಂದರ ಹತ್ತಿರ ಕೈಚಾಚಿರಲಿಲ್ಲ. ಈಗ ಮುಯ್ಯಿಯ ಐವತ್ತು ಸಾವಿರ ರುಪಿಯಾ ಹಾಗೇ ಇತ್ತು. ಬಾಡಿಗೆಯ ಆರು ಲಕ್ಷ ನಿನ್ನೆ ರಾತ್ರಿ ಪಕ್ಕದ ಗಲ್ಲಿಯ ಬು ಮರ್ಸಿಯಾಳ, ಅಂದರೆ ಮರ್ಸಿಯಾ ಅಮ್ಮನ, ಮಗಳ ಮದುವೆಯ ಮುಯ್ಯಿ ಪೆಟ್ಟಿಗೆಗೆ ಬಿದ್ದಿತ್ತು. ಹೋದ ವರ್ಷ ಬಾಡಿಗೆ ತಪ್ಪಿ ಪಾತ್ರೆ ಹಾಸಿಗೆಯೆಲ್ಲ ಬೀದಿಗೆ ಬಂದಿದ್ದವು. ಈ ಮನೆಯ ಮಾಲೀಕ, ಒಂದು ದಿನ ತಡವಾದರೂ ಬೀಗ ಹಾಕುತ್ತೇನೆಂದು ಹೇಳಿಯೇ ಕೀಲಿಕೈ ಕೊಟ್ಟಿದ್ದ. ಇವತ್ತೇ ಕೊನೆಯ ದಿನ.

"ಹೋಗಿ ಇಸ್ಕೊಂಡು ಬಾ."

"ಹಾಕಿದ ಮುಯ್ಯಿ ವಾಪಸ್ ಕೇಳೋದಾ? ಜನ ಮುಖಕ್ಕೆ ಉಗೀತಾರೆ. ಅವರು ಪುಸ್ತಕದಲ್ಲಿ ಬರ್ಕೊಂಡಿರ್ತಾರೆ, ನಮ್ಮ ಮಗಳ ಮದುವೇಲಿ ಅಷ್ಟೂ ವಾಪಸ್ ಬರುತ್ತೆ ಬಿಡು."

"ಅವಳಿಗಿನ್ನೂ ಒಂಬತ್ತು ವರ್ಷ! ಅಲ್ಲೀವರೆಗೆ ಚಪ್ಪರದಡಿ ಮಲಗೋಣ್ವಾ?"

ಮುಯ್ಯಿಯ ನೋಟು ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಯ ಮುಚ್ಚಳ ಬಡಿದು ಅವಳೇ ಎದ್ದಳು.

ಬು ಮರ್ಸಿಯಾ ಚಾಪೆಯ ಮೇಲೆ ಲಕೋಟೆ ಒಡೆಯುತ್ತಿದ್ದಳು. ಅವಳ ತಂಗಿ ಪಕ್ಕದಲ್ಲಿ ಕೂತು ಹೆಸರು, ಮೊತ್ತ ಬರೆದುಕೊಳ್ಳುತ್ತಿದ್ದಳು.

"ಬಾರಮ್ಮ ಬಾ, ಆರು ಲಕ್ಷದ ಸಾಹುಕಾರ್ತಿ!"

"ನಮ್ಮೋರು ತಪ್ಪು ಲಕೋಟೆ ಹಾಕ್ಬಿಟ್ಟಿದಾರೆ, ಬು. ಕತ್ತಲಲ್ಲಿ ಗೊತ್ತಾಗಿಲ್ಲ. ಅದು ಬಾಡಿಗೆ ದುಡ್ಡು."

ತಂಗಿ ಕಿಸಕ್ಕೆಂದಳು. "ತಪ್ಪಾ? ಪೆಟ್ಟಿಗೆ ಹತ್ರ ನಿಂತು, ಒಳಗೆಷ್ಟಿದೆ ಅಂತ ಎಲ್ಲಾರ್ಗೂ ಹೇಳ್ತಿದ್ನಲ್ಲೇ ನಿನ್ನ ಗಂಡ!"

"ಸುಮ್ನಿರೇ," ಎಂದು ಗದರಿ ಮರ್ಸಿಯಾ ರಾಶಿಯಿಂದ ಒಂದು ಲಕೋಟೆ ಹುಡುಕಿ ಮುಂದೆ ಚಾಚಿದಳು.

ವಾರ್ತಿನಿ ಬರೆದಿದ್ದ 'ಬಾಡಿಗೆ' ಎಂಬ ಮಾತಿನ ಮೇಲೆ ಎರಡು ಗೀಟು ಎಳೆದಿತ್ತು. ಕೆಳಗೆ, ಬಾಲ ಸುತ್ತಿದ ದಪ್ಪ ಅಕ್ಷರಗಳಲ್ಲಿ, ಗಂಡನ ಹೆಸರು. ಅವಳ ಕಿವಿಯ ಹಿಂದೆ ಕಾದ ಎಣ್ಣೆ ಸುರಿದಂತಾಯಿತು. ಇಷ್ಟು ಹೊತ್ತು ಅವನ ಪರವಾಗಿ ಹಲ್ಲುಗಿಂಜಿದ್ದೆನಲ್ಲ ಎಂಬುದೇ ಹೆಚ್ಚು ಉರಿಯಿತು.

"ನಿಮ್ಮ ಮುಂದೆ ನಂಗೆ ನಾಚಿಕೆ ಏನೂ ಉಳಿದಿಲ್ಲ, ಬು. ದುಡ್ಡು ಕೊಡಿ. ಪುಸ್ತಕದಲ್ಲಿ ಅವನ ಹೆಸರು ಹೊಡೆದುಹಾಕಿ." ಅವಳು ಸೊಂಟದಿಂದ ಐವತ್ತು ಸಾವಿರದ ನೋಟು ತೆಗೆದು ಚಾಪೆಯ ಮೇಲಿಟ್ಟಳು. "ಇದನ್ನ ಬರ್ಕೊಳ್ಳಿ. ನನ್ನ ಹೆಸರಲ್ಲಿ."

ತಂಗಿ ಅಕ್ಕನ ಮುಖ ನೋಡಿದಳು. ಮರ್ಸಿಯಾ ಲಕ್ಷದ ಆರು ನೋಟು ಎಣಿಸಿ ಕೊಟ್ಟಳು. "ಬರಿಯೇ, ವಾರ್ತಿನಿ ಅಂತ," ಎಂದಳು.

ಹೊರಗೆ ಕಾರ್ಮಾನ್ ಮೋಟಾರು ಬೈಕಿನ ಮೇಲೆ ಕಾಯುತ್ತಿದ್ದ. "ಕೊಟ್ರಾ? ಒಳಗೆ ಯಾರ್ಯಾರಿದ್ರು?"

ಅವಳು ನಡೆದಳು. ಅವನು ಕಾಲಲ್ಲೇ ಬೈಕು ತಳ್ಳಿಕೊಂಡು ಪಕ್ಕಕ್ಕೆ ಬಂದ. "ಹತ್ತೇ, ಬಿಸಿಲು. ನೋಡೋರು ಏನಂತಾರೆ?"

ಗಲ್ಲಿಯ ತುದಿಯಲ್ಲಿ ಎಡಕ್ಕೆ ಹೋದರೆ ಮನೆ, ಬಲಕ್ಕೆ ಮಾಲೀಕನ ಅಂಗಡಿ. ಅವಳು ಬಲಕ್ಕೆ ತಿರುಗಿದಳು. ಬೈಕಿನ ಸದ್ದು ಸ್ವಲ್ಪ ದೂರ ಹಿಂದೆಯೇ ಬಂತು. ಆಮೇಲೆ ನಿಂತಿತು.