ಎರಡನೆಯ ಬತ್ತಿ

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ನನಗೇ ಗೊತ್ತಿಲ್ಲ. ಹಗಲೆಲ್ಲ ಕಾರ್ಖಾನೆ, ಸಂಜೆ ಕಾಲೇಜು ಎಂದು ಓದಿದ ನನ್ನ ಬರವಣಿಗೆ ಅಷ್ಟಕ್ಕಷ್ಟೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾನು ಗ್ರೆನೇಡಿನ ಬತ್ತಿಗಳನ್ನು ಪರೀಕ್ಷಿಸುತ್ತಿದ್ದೆ. ಬತ್ತಿ ಎಂದರೆ ಗ್ರೆನೇಡಿನ ಕತ್ತಿನೊಳಗೆ ಕೂತು, ಲಿವರ್ ಎಂಬ ಹಿಡಿಪಟ್ಟಿ ಕೈಬಿಟ್ಟು ಹಾರಿದ ಮೇಲೆ ನಾಲ್ಕು ಸೆಕೆಂಡು ಉರಿದು ಅದನ್ನು ಸಿಡಿಸುವ ಸಣ್ಣ ಕೊಳವೆ. ಒಟ್ಟಿಗೆ ತಯಾರಾದ ಒಂದೊಂದು ಲಾಟಿನಿಂದ ಇಪ್ಪತ್ತನ್ನು ಆರಿಸಿ, ದಪ್ಪ ಗಾಜಿನ ಹಿಂದೆ ಉರಿಸಿ, ಸ್ಟಾಪ್‌ವಾಚ್ ಒತ್ತಿ ಬರೆದುಕೊಳ್ಳಬೇಕು. ಒಂದೇ ಒಂದು ಬತ್ತಿ ಮೂರು ಸೆಕೆಂಡಿಗಿಂತ ಬೇಗ ಮುಗಿದರೂ ಇಡೀ ಲಾಟು ನಾಶ.

ನನ್ನ ಅಕ್ಕನ ಗಂಡ, ಅಂದರೆ ಭಾವ, ಸೈನಿಕರಿಗೆ ಆ ಗ್ರೆನೇಡುಗಳನ್ನೇ ಎಸೆಯಲು ಕಲಿಸುತ್ತಿದ್ದರು. ಊಟಕ್ಕೆ ಕೂತಾಗಲೂ ಪಾಠವೇ. ಚೂರು ಹಾರುವಂಥದ್ದನ್ನು ಗೋಡೆಯ ಮರೆಯಿಂದಲೇ ಎಸೆಯಬೇಕು, ಚೂರುಗಳು ಎಸೆದವನವರೆಗೂ ವಾಪಸು ಬರುತ್ತವೆ. ತೆಳು ಕವಚದ್ದರಲ್ಲಿ ಬರೀ ಹೊಡೆತ, ಬಯಲಲ್ಲಿ ಮುನ್ನುಗ್ಗುವವರಿಗೆ ಅದು. ಹೊಗೆಯದು ಸಿಡಿಯುವುದೇ ಇಲ್ಲ, ಮರೆ ಮಾಡುತ್ತದೆ ಅಷ್ಟೆ.

"ಹೊಗೆಯದು ಕಣ್ಣು ಮುಚ್ಚಿಸುತ್ತೆ, ಚೂರಿನದು ಬಾಯಿ ಮುಚ್ಚಿಸುತ್ತೆ. ನಿಮ್ಮಕ್ಕ ಎರಡೂ ಮಾಡ್ತಾಳೆ" ಎನ್ನುತ್ತಿದ್ದರು. ಅಕ್ಕ ಸೌಟು ತೋರಿಸುತ್ತಿದ್ದಳು.

ಒಂದು ದಿನ ಹದಿನೇಳನೆಯ ಬತ್ತಿ ಎರಡು ಮುಕ್ಕಾಲು ಸೆಕೆಂಡಿಗೇ ಮುಗಿಯಿತು. ವಾಚು ಶುರು ಮಾಡುವಾಗ ನನ್ನ ಹೆಬ್ಬೆರಳೇ ತಡ ಮಾಡಿರಬೇಕು ಅನ್ನಿಸಿತು. ಒಂದು ಲಾಟು ಎಂದರೆ ಎದುರಿನ ಕೋಣೆಯಲ್ಲಿ ಬತ್ತಿ ತಯಾರಿಸುವ ಹೆಂಗಸರ ಹದಿನೈದು ದಿನದ ದುಡಿಮೆ. ನನ್ನ ಬೆರಳಿನ ತಪ್ಪಿಗೆ ಅದನ್ನೆಲ್ಲ ಬೆಂಕಿಗೆ ಹಾಕಿಸುವುದೇ? ಇನ್ನೊಂದನ್ನು ತೆಗೆದು ಉರಿಸಿದೆ. ಪೂರ್ತಿ ನಾಲ್ಕು ಬಂತು. ಅದನ್ನೇ ಬರೆದೆ.

ಕೆಲವು ತಿಂಗಳ ನಂತರ ತರಬೇತಿ ಮೈದಾನದಲ್ಲಿ ಹೊಸ ಸೈನಿಕನೊಬ್ಬ ಎಸೆದ ಗ್ರೆನೇಡು ಗೋಡೆ ದಾಟುವ ಮೊದಲೇ ಸಿಡಿಯಿತು. ಪಕ್ಕದಲ್ಲಿ ನಿಂತಿದ್ದ ಭಾವ ಅಲ್ಲೇ ಹೋದರು. ಸೈನಿಕನ ಬಲಗೈ ಹೋಯಿತು. ಲಿವರ್ ಬಿಟ್ಟ ಮೇಲೂ ಗ್ರೆನೇಡು ಹಿಡಿದುಕೊಂಡು ನಿಂತ, ಅವನದೇ ತಪ್ಪು ಎಂದು ವಿಚಾರಣೆ ಮುಗಿಯುವುದರಲ್ಲಿತ್ತು. ಲಿವರ್ ಹಾರಿದ್ದೂ ತಾನು ಎಸೆದದ್ದೂ ಒಟ್ಟಿಗೇ ಎಂದು ಆತ ಹೇಳುತ್ತಲೇ ಇದ್ದ. ಪೆಟ್ಟಿಗೆಯ ಮೇಲಿದ್ದ ನಂಬರು ನನ್ನ ಆ ಲಾಟಿನದು.

ಅಕ್ಕನಿಗೆ ಮೊದಲು ಹೇಳಿದೆ. ಬಟ್ಟೆ ಮಡಚುತ್ತಿದ್ದವಳ ಕೈಯಲ್ಲಿ ಭಾವನ ಅಂಗಿ ಹಾಗೇ ಉಳಿಯಿತು.

"ಚಿಕ್ಕಂದಿನಿಂದ ಎಲ್ಲಕ್ಕೂ ನಿನ್ನ ಮೇಲೇ ಅನುಮಾನ. ಬಾಗಿಲು ಹಾಕಿದೀನಾ ಅಂತ ಮೂರು ಸಲ ನೋಡ್ತೀಯ. ಅವತ್ತೊಂದಿನ ಬತ್ತಿ ಮೇಲೆ ಅನುಮಾನ ಪಡೋಕೆ ಆಗ್ಲಿಲ್ವಾ?"

ಅಂಗಿಯನ್ನು ಮಡಚಿಟ್ಟು ಅವಳೇ, "ಆ ಸೈನಿಕನಿಗೂ ಮನೇಲಿ ಯಾರೋ ಇರ್ತಾರೆ. ಹೋಗಿ ಹೇಳು" ಎಂದಳು. ಆಮೇಲೆ ನನ್ನೊಂದಿಗೆ ಮಾತು ಬಿಟ್ಟಳು.

ಹೋಗಿ ಹೇಳಿದೆ. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ರಿಜಿಸ್ಟರು ತರಿಸಿದರು. ಹದಿನೇಳರ ಮುಂದೆ ನಾಲ್ಕು ಎಂದೇ ಇತ್ತು, ನನ್ನದೇ ಕೈಬರಹ. ಮತ್ತೆ ಪರೀಕ್ಷಿಸೋಣವೆಂದರೆ ಆ ಲಾಟಿನದು ಒಂದೂ ಉಳಿದಿರಲಿಲ್ಲ. ಕಾರಣ ಖಚಿತವಿಲ್ಲ ಎಂದು ಬರೆದು ಸೈನಿಕನ ಮೇಲಿನ ಆರೋಪ ಕೈಬಿಟ್ಟರು. ನನ್ನನ್ನು ಕೆಲಸದಿಂದ ತೆಗೆದರು, ಅದು ನ್ಯಾಯವೇ.

ಆ ಬತ್ತಿ ನಿಜವಾಗಿ ಬೇಗ ಉರಿಯಿತೋ, ನನ್ನ ಬೆರಳೇ ತಡವಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.