ದೊಡ್ಡ ಬಿಳಿಯ ಇನ್ನೊಂದು ತುದಿ

ಚರ್ಚಿನ ಬಟ್ಟೆ ಒಗೆಯುವುದು ನನ್ನ ಕೆಲಸ. ಇಪ್ಪತ್ತೇಳು ವರ್ಷವಾಯಿತು. ಬಲಿಪೀಠದ ಹಾಸು, ಫಾದರ್ ತೊಡುವ ನಿಲುವಂಗಿ, ಹಾಡುವವರ ಉಡುಪು, ಎಲ್ಲ ಸೋಮವಾರ ನನ್ನ ಮನೆಗೆ ಬಂದು ಗುರುವಾರ ಹಿಂದಕ್ಕೆ ಹೋಗುತ್ತವೆ. ಯಾರು ಮನಸ್ಸಿಟ್ಟು ಹಾಡುತ್ತಾರೆ, ಯಾರು ಬಾಯಲ್ಲಿ ಪೆಪ್ಪರ್‌ಮೆಂಟ್ ಇಟ್ಟುಕೊಂಡು ತುಟಿ ಮಾತ್ರ ಅಲ್ಲಾಡಿಸುತ್ತಾರೆ ಎಂಬುದನ್ನು ಅವರ ಜೇಬುಗಳೇ ನನಗೆ ಹೇಳುತ್ತವೆ. ದೇವರಿಗೆ ಗೊತ್ತಿರುವುದರಲ್ಲಿ ಕಾಲು ಭಾಗ ನಿನಗೂ ಗೊತ್ತು ಕಣೇ ಎಂದು ನಮ್ಮವರು ಗೇಲಿ ಮಾಡುತ್ತಿದ್ದರು.

ಈ ಬಟ್ಟೆಗಳಲ್ಲೆಲ್ಲ ದೊಡ್ಡದು ಶವಪೆಟ್ಟಿಗೆಯ ಮೇಲೆ ಹೊದಿಸುವ ಬಿಳಿ ಬಟ್ಟೆ. ನಮ್ಮ ಮನೆಯಲ್ಲಿ ಅದರ ಹೆಸರೇ ದೊಡ್ಡ ಬಿಳಿ. ನಾಲ್ಕು ಗಜ ಉದ್ದ, ಮೂರು ಗಜ ಅಗಲ, ನಡುವೆ ಕೈಯಿಂದ ಹೆಣೆದ ಶಿಲುಬೆ. ಒಗೆಯುವುದು, ಗಂಜಿ ಹಾಕುವುದು, ಇಸ್ತ್ರಿ ಮಾಡುವುದು ನನ್ನೊಬ್ಬಳಿಂದ ಆಗುತ್ತದೆ. ಮಡಚುವುದು ಮಾತ್ರ ಆಗದು. ನೆಲಕ್ಕೆ ತಾಗದಂತೆ ಅದನ್ನು ಮಡಚಲು ಇಬ್ಬರು ಬೇಕು, ಎದುರುಬದುರು ನಿಂತು ಎರಡೆರಡು ತುದಿ ಹಿಡಿದು.

ನಮ್ಮವರು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಉಗುರಿನ ಸಂದಿಯಲ್ಲಿ ಗ್ರೀಸ್ ಇಲ್ಲದ ದಿನ ಅಂದರೆ ನಮ್ಮ ಮದುವೆಯ ದಿನ ಒಂದೇ. ಅವತ್ತೂ ನಾನು ಉಗುರನ್ನು ಹತ್ತಿರದಿಂದ ನೋಡಿರಲಿಲ್ಲ. ಹಾಗಾಗಿ ದೊಡ್ಡ ಬಿಳಿ ಮಡಚುವ ಹೊತ್ತಿಗೆ ನಮ್ಮ ಮನೆಯಲ್ಲಿ ತಪ್ಪದೆ ಒಂದು ಜಗಳ.

"ರೀ, ಕೈ ತೊಳ್ಕೊಂಡ್ರಾ?"

"ತೊಳ್ಕೊಂಡೆ ಮಾರಾಯ್ತಿ."

"ಮೊಣಕೈ ತನಕ?"

"ಇನ್ನೇನು, ಸ್ನಾನ ಮಾಡಿ ಉಪವಾಸ ಕೂತ್ಕೊಂಡು ಬರ್ಲಾ?"

ಆಮೇಲೆ ಇಬ್ಬರೂ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದು, ಉದ್ದಕ್ಕೆ ಒಂದು ಮಡಿಕೆ ಹಾಕಿ, ಒಬ್ಬರ ಕಡೆಗೆ ಒಬ್ಬರು ನಡೆದು ಬರಬೇಕು. ನಾನು ಬಲಕ್ಕೆ ತಿರುಗಿಸಿದರೆ ಅವರು ಎಡಕ್ಕೆ ತಿರುಗಿಸುತ್ತಿದ್ದರು. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವಾದರೂ ಸರಿಯಾಗಿ ತಿರುಗಿಸಿದ್ದರೆ ಕೇಳಿ. ನಡುವೆ ಕೈ ಕೈ ಸೇರಿದಾಗ ನನ್ನ ಬೆರಳನ್ನು ಒಮ್ಮೆ ಒತ್ತಿ, ಏನೂ ಆಗದವರ ಹಾಗೆ ಇನ್ನೊಂದು ಮಡಿಕೆಗೆ ಹಿಂದೆ ಸರಿಯುತ್ತಿದ್ದರು. ಊರಿನವರ ಹೆಣಕ್ಕೆ ಹೊದಿಸುವ ಬಟ್ಟೆ ಮಡಚುತ್ತ ಸರಸ ಆಡುವ ಗಂಡ ಇನ್ಯಾರಿಗಾದರೂ ಇದ್ದನೋ ಇಲ್ಲವೋ, ನನಗಂತೂ ಇದ್ದರು.

ಅವರು ಹೋದದ್ದು ಒಂದು ಮಂಗಳವಾರ, ಗ್ಯಾರೇಜಿನಲ್ಲೇ, ಕಾರಿನ ಬಾನೆಟ್ ಎತ್ತಿ ಕೆಲಸ ಮಾಡುತ್ತಿದ್ದಾಗ. ಎದೆ ಹಿಡಿದುಕೊಂಡು ಕೂತರಂತೆ, ಏಳಲೇ ಇಲ್ಲ. ಮಾರನೆಯ ದಿನ ಚರ್ಚಿನ ಬಾಗಿಲಲ್ಲಿ ಪೆಟ್ಟಿಗೆ ಇಳಿಸಿದರು. ಫಾದರ್ ಪವಿತ್ರ ಜಲ ಚಿಮುಕಿಸಿದರು, ಮನೆಯ ಇಬ್ಬರು ದೊಡ್ಡ ಬಿಳಿಯನ್ನು ಬಿಡಿಸಿ ಹೊದಿಸಿದರು. ನನ್ನ ಕಣ್ಣು ಅಭ್ಯಾಸಬಲದಿಂದ ಕಲೆ ಹುಡುಕಿತು. ನನ್ನ ಕಡೆಯ ಮೂಲೆಯಲ್ಲೇ, ಅಂಚಿನಿಂದ ಎರಡು ಬೆರಳು ಒಳಗೆ, ಒಂದು ಹೆಬ್ಬೆರಳ ಗುರುತು ಇತ್ತು. ಗ್ರೀಸಿನ ಹೆಬ್ಬೆರಳು. ಎಂಟು ದಿನದ ಹಿಂದೆ ಮಡಚುವಾಗ ಮೆತ್ತಿಸಿದ್ದು ಮಡಿಕೆಯೊಳಗೆ ಸೇರಿಹೋಗಿ ನನಗೆ ಕಂಡಿರಲಿಲ್ಲ.

ಕೈ ತೊಳೆದೆ ಎಂದಿದ್ದರಲ್ಲ, ಸುಳ್ಳ! ನನಗೆ ನಗು ಬಂತು. ನಿಜವಾಗಿ ನಕ್ಕೆ. ಪಕ್ಕದಲ್ಲಿದ್ದ ನಾದಿನಿ ನನ್ನ ತಲೆ ಕೆಟ್ಟಿತೆಂದು ತೋಳು ಹಿಡಿದುಕೊಂಡಳು. ಆ ದಿನ ಫಾದರ್ ಏನು ಓದಿದರು, ಏನು ಹಾಡಿದರು, ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಗುಂಡಿಯ ಹತ್ತಿರ ಬಟ್ಟೆ ತೆಗೆಯುವ ತನಕ ನಾನು ನೋಡುತ್ತಿದ್ದುದು ಆ ಹೆಬ್ಬೆರಳನ್ನು ಮಾತ್ರ.

ಸೋಮವಾರ ಎಲ್ಲ ಬಟ್ಟೆಗಳ ಜೊತೆ ದೊಡ್ಡ ಬಿಳಿಯೂ ಒಗೆಯಲು ಬಂತು. ನಾನು ಒಗೆಯಲಿಲ್ಲ. ಅದನ್ನು ಮುದ್ದೆ ಮಾಡಿ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟೆ. ದಿನಕ್ಕೊಮ್ಮೆ ತೆಗೆದು ಆ ಮೂಲೆ ಹುಡುಕಿ ನನ್ನ ಹೆಬ್ಬೆರಳನ್ನು ಅದರ ಮೇಲೆ ಇಡುತ್ತಿದ್ದೆ. ಅವರದು ದೊಡ್ಡದು, ನನ್ನದರ ಸುತ್ತ ಒಂದು ಅಂಚು ಉಳಿಯುತ್ತಿತ್ತು. ಆ ಅಂಚಿನ ಆಸೆಗೆ ನಾನು ಬೆಳಗ್ಗೆ ಏಳುತ್ತಿದ್ದೆ.

ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಒಂದು ಗುರುವಾರ ಬಟ್ಟೆ ಕೊಡಲು ಹೋದಾಗ ಫಾದರನ್ನು ನೇರ ಕೇಳಿದೆ.

"ಈಗ ಎಲ್ಲಿದ್ದಾರೆ ಫಾದರ್ ಅವರು?"

"ದೇವರ ಹತ್ತಿರ."

"ನೋಡಿದೀರಾ?"

ಅವರು ಕನ್ನಡಕ ತೆಗೆದು ಒರೆಸಿದರು. "ಇಲ್ಲಮ್ಮ. ನಂಬ್ತೀನಿ ಅಷ್ಟೆ. ಕೆಲವು ದಿನ ಅದೂ ಕಷ್ಟ ಆಗುತ್ತೆ."

ಆ ಮಾತಿಗೆ ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಮಾಧಾನವೂ ಆಗಲಿಲ್ಲ. ಮನೆಗೆ ಬಂದು ಬೀರು ತೆಗೆದೆ.

ನಲವತ್ತು ದಿನ ಊರಿನಲ್ಲಿ ಯಾರೂ ಸಾಯಲಿಲ್ಲ, ನನ್ನ ಪುಣ್ಯ. ನಲವತ್ತೊಂದನೆಯ ದಿನ ಕತ್ತರಿಯ ಅಕ್ಕ ತೀರಿಕೊಂಡಳು. ಕತ್ತರಿ ಎಂದರೆ ನಮ್ಮ ಬೀದಿಯ ಕ್ಷೌರದ ಅಂಗಡಿಯವನು. ಕೈಯಲ್ಲಿರುವುದೂ ಅದೇ, ಬಾಯಲ್ಲಿರುವುದೂ ಅದೇ ಎಂದು ಬೀದಿ ಇಟ್ಟ ಹೆಸರು. ತಾಯಿ ಇಲ್ಲದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಆ ಅಕ್ಕ. ಇಬ್ಬರೂ ಮದುವೆಯಾಗದೆ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಬದುಕಿದವರು.

ಬೆಳಗ್ಗೆ ಎಂಟಕ್ಕೆ ಗಂಟೆ ತಾತ ಬಂದ. ಚರ್ಚಿನ ಗಂಟೆ ಹೊಡೆಯುವುದು, ಬಾಗಿಲು ತೆಗೆಯುವುದು ಅವನ ಕೆಲಸ.

"ನಾಳೆ ಬೆಳಗ್ಗೆ ಹತ್ತಕ್ಕೆ ಪೂಜೆ. ದೊಡ್ಡ ಬಟ್ಟೆ ಕೊಡಮ್ಮಾ."

"ಒಣಗಿಲ್ಲ ತಾತ."

ಅವನು ಆಕಾಶ ನೋಡಿದ, ನನ್ನ ಮುಖ ನೋಡಿದ. "ಈ ಬಿಸಿಲಲ್ಲಿ ಮನುಷ್ಯರೇ ಒಣಗ್ತಾರೆ, ಬಟ್ಟೆ ಒಣಗಲ್ವಾ? ಸರಿ ಬಿಡು," ಎಂದು ಹೊರಟುಹೋದ. ಮುದುಕನಿಗೆ ಎಲ್ಲ ಅರ್ಥವಾಗಿತ್ತು.

ಒಂದು ಗಂಟೆ ಬಿಟ್ಟು ಕತ್ತರಿಯೇ ಬಂದ. ನಮ್ಮವರನ್ನು ಅಣ್ಣ ಎನ್ನುತ್ತಿದ್ದವನು, ನನ್ನನ್ನು ಅತ್ತಿಗೆ ಎನ್ನುತ್ತಾನೆ. ಊರಿಗೆಲ್ಲ ಗಡ್ಡ ಹೆರೆಯುವವನ ಗಡ್ಡ ಎರಡು ದಿನದಿಂದ ಬೆಳೆದಿತ್ತು. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲ ಹೊರಗೆ ನಿಂತ.

"ಅತ್ತಿಗೆ, ತಪ್ಪು ತಿಳ್ಕೋಬೇಡಿ. ಅಕ್ಕನ ಪೆಟ್ಟಿಗೆ ಬಂತು. ಹಲಗೆ ಸರಿ ಇಲ್ಲ, ಅಲ್ಲಲ್ಲಿ ಸಿಬಿರು ಎದ್ದಿದೆ. ನನ್ನ ಕೈಲಾದದ್ದು ಅಷ್ಟೇ. ಆ ಬಿಳಿ ಬಟ್ಟೆ ಹೊದಿಸಿಬಿಟ್ರೆ ಒಳಗೆ ಯಾವ ಮರ ಅಂತ ಯಾರಿಗೂ ಕಾಣಲ್ಲ. ಎಲ್ಲರ ಥರಾನೇ ಹೋಗ್ತಾಳೆ."

ಇಪ್ಪತ್ತೇಳು ವರ್ಷ ಒಗೆದಿದ್ದೆ. ಆ ಬಟ್ಟೆ ಯಾತಕ್ಕೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಮ್ಮವರ ಪೆಟ್ಟಿಗೆಯೂ ಯಾವ ಮಹಾ ಮರದ್ದಾಗಿತ್ತು? ನಾಚಿಕೆಯಾಯಿತು. ಇಡೀ ಊರಿನ ಹೊದಿಕೆಯನ್ನು ಬೀರುವಿನಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದೆನಲ್ಲ.

"ಮೂರು ಗಂಟೆಗೆ ಬಾ. ಕೊಡ್ತೀನಿ," ಎಂದೆ.

ಹಾಗೇ ಕೊಟ್ಟುಬಿಡೋಣ, ಕಲೆ ಇದ್ದರೆ ಇರಲಿ ಎಂದು ಒಂದು ಮನಸ್ಸು. ಆದರೆ ಮುದ್ದೆಯಾದ, ಮೇಣದ ಹನಿ ಬಿದ್ದ ಬಟ್ಟೆಯನ್ನು ಇನ್ನೊಬ್ಬರ ಅಕ್ಕನಿಗೆ ಹೊದಿಸಲು ಕೊಡುವವಳು ನಾನಲ್ಲ. ಗ್ರೀಸಿನ ಕಲೆ ತೆಗೆಯುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ, ಮೆಕ್ಯಾನಿಕ್‌ನ ಹೆಂಡತಿ. ಸೀಮೆಸುಣ್ಣದ ಪುಡಿ ಉದುರಿಸಿ ಅರ್ಧ ಗಂಟೆ ಬಿಟ್ಟು, ಸೋಪು ಹಚ್ಚಿ ಬಿಸಿನೀರಲ್ಲಿ ತಿಕ್ಕಬೇಕು. ಪುಡಿ ಉದುರಿಸುವ ಮೊದಲು ನನ್ನ ಹೆಬ್ಬೆರಳನ್ನು ಕೊನೆಯ ಸಲ ಅದರ ಮೇಲೆ ಇಟ್ಟೆ. ಆಮೇಲೆ ಗಟ್ಟಿಯಾಗಿ ಅತ್ತುಕೊಂಡೇ ತಿಕ್ಕಿದೆ. ಹಳೆಯ ಕಲೆ, ಹೋಗಲಾರದೇನೋ ಎಂಬ ಒಂದು ಆಸೆ ಇತ್ತು. ಹೋಯಿತು. ನನ್ನ ಕೆಲಸ ಅಷ್ಟು ಚೊಕ್ಕ.

ಎರಡೂವರೆಗೆ ಇಸ್ತ್ರಿ ಮುಗಿಯಿತು. ದೊಡ್ಡ ಬಿಳಿಯನ್ನು ಹಿತ್ತಿಲ ಹಗ್ಗದ ಮೇಲೆ ಹಾಕಿ ಅದರ ಮುಂದೆ ನಿಂತೆ. ಮಡಚಬೇಕು. ಎರಡು ತುದಿ ಹಿಡಿದೆ, ಇನ್ನೆರಡು ತುದಿ ಸುಮ್ಮನೆ ಜೋತಾಡಿದವು. ಆ ಹೊತ್ತಿಗೆ ನನಗೆ ಆದ ಒಂಟಿತನ ಮಣ್ಣು ಹಾಕಿದ ದಿನವೂ ಆಗಿರಲಿಲ್ಲ.

ಕತ್ತರಿ ಸರಿಯಾಗಿ ಮೂರಕ್ಕೆ ಬಂದ. ನನ್ನನ್ನು, ಹಗ್ಗವನ್ನು ನೋಡಿ ನೇರ ಹಿತ್ತಿಲ ನಲ್ಲಿಯ ಹತ್ತಿರ ಹೋದ. ತೋಳು ಮಡಚಿ, ಸೋಪು ಹಚ್ಚಿ, ಮೊಣಕೈ ತನಕ ತೊಳೆದುಕೊಂಡ.

"ನಿಂಗೆ ಯಾರು ಹೇಳಿದ್ರು?"

"ಅಣ್ಣ ಕಟಿಂಗ್‌ಗೆ ಕೂತಾಗೆಲ್ಲ ಇದೇ ಗೋಳು. ಹೆಂಡತಿ ಕೈ ತೊಳೆಸಿ ತೊಳೆಸಿ ಚರ್ಮ ಸವೀತು ಅಂತಿದ್ರು. ಹೇಳುವಾಗ ಮುಖ ಮಾತ್ರ ಹೂವಿನ ಥರ ಅರಳಿರ್ತಿತ್ತು."

ಇಬ್ಬರೂ ತುದಿ ಹಿಡಿದೆವು. ಅಂಗಡಿಯ ಅಭ್ಯಾಸ, ಅವನು ಬಟ್ಟೆಯನ್ನು ಒಮ್ಮೆ ಫಟ್ಟನೆ ಒದರಿದ. ಆಮೇಲೆ ಎಡಕ್ಕೆ ತಿರುಗಿಸಿದ.

"ಆ ಕಡೆ ಅಲ್ಲ, ಈ ಕಡೆ!" ಎಂದೆ. ಎಂದವಳೇ ನನ್ನ ತುದಿ ಹಿಡಿದು ನಿಂತುಬಿಟ್ಟೆ. ಅವನು ತುದಿ ಬಿಡದೆ ನಡೆದು ಬಂದ. ಕೈ ಕೈ ಸೇರಿದಲ್ಲಿ, ಮಡಿಕೆಯ ಮೇಲೆ ತಲೆ ಬಗ್ಗಿಸಿ ಮಗುವಿನ ಹಾಗೆ ಅತ್ತ. ಬಟ್ಟೆಗೆ ಕಣ್ಣೀರು ತಾಗುತ್ತದೆ ಎಂದು ನಾನು ಬೈಯಲಿಲ್ಲ.

"ಅತ್ತಿಗೆ, ನಾಳೆ ಹೊದಿಸೋಕೆ ಮನೆಯವರು ಇಬ್ಬರು ಬೇಕಂತೆ. ನಾನೊಬ್ಬನೇ ಇರೋದು."

"ಬರ್ತೀನಿ," ಎಂದೆ.

ಮರುದಿನ ಚರ್ಚಿನ ಬಾಗಿಲಲ್ಲಿ ಪೆಟ್ಟಿಗೆಯ ತಲೆಯ ಕಡೆ ಅವನು, ಕಾಲಿನ ಕಡೆ ನಾನು. ಮಡಚುವಾಗ ಹತ್ತಿರ ಬರಬೇಕು, ಬಿಡಿಸುವಾಗ ದೂರ ಸರಿಯಬೇಕು. ಹಿಂದೆ ಸರಿದೆ. ಬಟ್ಟೆ ಬಿಗಿಯಾಯಿತು. ಸಿಬಿರು ಎದ್ದ ಹಲಗೆ ಮುಚ್ಚಿಹೋಯಿತು. ಫಾದರ್ ಹೇಳಿದರು: ದೀಕ್ಷಾಸ್ನಾನದ ದಿನ ಈ ಮಗಳಿಗೆ ಬಿಳಿ ತೊಡಿಸಿ ಬರಮಾಡಿಕೊಂಡೆವು, ಇವತ್ತು ಬಿಳಿ ಹೊದಿಸಿ ಕಳಿಸುತ್ತಿದ್ದೇವೆ, ಅಲ್ಲಿ ಎದುರುಗೊಳ್ಳುವವರು ಇದ್ದಾರೆ. ನಮ್ಮವರಿಗೂ ಇದನ್ನೇ ಹೇಳಿರಬೇಕು. ಆ ದಿನ ಕೇಳಿಸದ್ದು ಈ ದಿನ ಕೇಳಿಸಿತು.

ಇದೇ ಬಟ್ಟೆ ಅವರನ್ನು ಮುಚ್ಚಿತ್ತು, ಈಗ ಇವಳನ್ನು, ಒಂದು ದಿನ ನನ್ನನ್ನು. ನಾನು ನೋಡಿಲ್ಲ, ಫಾದರೂ ನೋಡಿಲ್ಲ. ಆದರೆ ಇಪ್ಪತ್ತೇಳು ವರ್ಷ ಮಡಚಿದ ಕೈಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಆ ತುದಿಯನ್ನು ಯಾರಾದರೂ ಹಿಡಿದಿದ್ದರೆ ಮಾತ್ರ ಈ ತುದಿ ಬಿಗಿಯುತ್ತದೆ. ನನ್ನ ಎದೆಯಲ್ಲಿ ಆ ಸೆಳೆತ ನಲವತ್ತೆರಡು ದಿನದಿಂದ ಒಂದು ಕ್ಷಣವೂ ಸಡಿಲವಾಗಿರಲಿಲ್ಲ. ನಾನು ಅದನ್ನು ಬರೀ ದುಃಖ ಎಂದುಕೊಂಡಿದ್ದೆ.

ಎಲ್ಲರೂ ಮೊಣಕಾಲೂರಿದರು, ನಾನೂ ಊರಿದೆ. ಪುಸ್ತಕದ ಪ್ರಾರ್ಥನೆ ಆಗಲೂ ಬಾಯಿಗೆ ಬರಲಿಲ್ಲ. ಬಂದದ್ದನ್ನೇ ಹೇಳಿದೆ.

"ರೀ, ಕೈ ತೊಳ್ಕೊಂಡು ನಿಂತಿರಿ. ಬರ್ತೀನಿ."